ಸತ್ಯಾಂಶ: ಸಿಂಗಾಪುರದ ಫಿರಂಗಿಗಳು ಸಮುದ್ರದತ್ತ ಮಾತ್ರ ಮುಖಮಾಡಿರಲಿಲ್ಲ

ಸಿಂಗಾಪುರದ ನೌಕಾನೆಲೆಯನ್ನು ಕಾಯಲು ಬ್ರಿಟಿಷರು ಸ್ಥಾಪಿಸಿದ್ದ ಭಾರಿ ಫಿರಂಗಿಗಳನ್ನು ಸಮುದ್ರದ ಕಡೆಯಿಂದ ತಿರುಗಿಸಲು ಸಾಧ್ಯವಾಗಲಿಲ್ಲ, ಹಾಗಾಗಿ ಹಿಂಬದಿಯಿಂದ ಬಂದ ಜಪಾನಿ ಸೇನೆಗೆ 1942ರಲ್ಲಿ ನಗರ ಸುಲಭವಾಗಿ ದಕ್ಕಿತು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಹಡಗುಗಳನ್ನು ಎದುರಿಸಲೆಂದೇ ಈ ಫಿರಂಗಿಗಳನ್ನು ನಿಲ್ಲಿಸಿದ್ದು ನಿಜ. ಆದರೆ ಅವುಗಳಲ್ಲಿ ಹಲವನ್ನು ಭೂಭಾಗದತ್ತಲೂ ತಿರುಗಿಸಬಹುದಿತ್ತು. ಸಿಂಗಾಪುರದ ಪೂರ್ವ ತುದಿಯ ಚಾಂಗಿಯಲ್ಲಿದ್ದ ಜೊಹೋರ್ ಬ್ಯಾಟರಿ ಎಂಬ ಫಿರಂಗಿ ನೆಲೆಯ 15 ಇಂಚಿನ ಫಿರಂಗಿಗಳೂ ಆ ಫೆಬ್ರವರಿಯಲ್ಲಿ ಜಪಾನಿ ಪಡೆಗಳತ್ತ ಗುಂಡು ಹಾರಿಸಿದವು. ನಿಜವಾದ ತೊಡಕಿದ್ದದ್ದು ಮದ್ದುಗುಂಡಿನಲ್ಲಿ. ದಾಸ್ತಾನಿನಲ್ಲಿದ್ದ ಗುಂಡುಗಳಲ್ಲಿ ಬಹುಪಾಲು ಯುದ್ಧನೌಕೆಯ ಉಕ್ಕಿನ ಕವಚವನ್ನು ಭೇದಿಸಿ ಒಳಹೊಕ್ಕ ಮೇಲೆ ಸಿಡಿಯುವಂಥವು. ಮೃದು ನೆಲಕ್ಕೆ ಬಿದ್ದರೆ ಅವು ಆಳಕ್ಕೆ ಹೂತುಹೋಗುತ್ತಿದ್ದುದರಿಂದ, ಚದುರಿ ಸಾಗುವ ಕಾಲಾಳುಗಳಿಗೆ ಹೆಚ್ಚಿನ ಹಾನಿಯಾಗುತ್ತಿರಲಿಲ್ಲ.

ಸೋಲಿನ ಬೇರುಗಳು ಬೇರೆಡೆ ಇವೆ. 1941ರ ಡಿಸೆಂಬರ್ 10ರಂದು ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಬ್ರಿಟಿಷರ ಎರಡು ದೊಡ್ಡ ಯುದ್ಧನೌಕೆಗಳು ಜಪಾನಿ ವಿಮಾನದಾಳಿಗೆ ಮುಳುಗಿದವು, ಆಕಾಶದ ಮೇಲಿನ ಹಿಡಿತ ಕೈತಪ್ಪಿತು, ಸಿಂಗಾಪುರದ ಉತ್ತರಕ್ಕಿರುವ ಮಲಯ ಪರ್ಯಾಯ ದ್ವೀಪ ಎರಡು ತಿಂಗಳೊಳಗೆ ಶತ್ರುವಶವಾಯಿತು. ಫೆಬ್ರವರಿ 15ರಂದು ಬ್ರಿಟಿಷ್ ಸೇನಾಪತಿ ಜನರಲ್ ಪರ್ಸಿವಲ್ ಶರಣಾದಾಗ ನಗರದ ನೀರಿನ ಪೂರೈಕೆಯೂ ಕುಸಿಯುತ್ತಿತ್ತು. ಸೆರೆಯಾದವರಲ್ಲಿ ಸಾವಿರಾರು ಭಾರತೀಯ ಸೈನಿಕರಿದ್ದರು. ಅವರ ಪಾಡನ್ನು ತಿರುಗದ ಫಿರಂಗಿಯ ಕಥೆಗೆ ಇಳಿಸುವುದು ನ್ಯಾಯವಲ್ಲ.