ಹೆಡ್ ಗ್ಯಾಸ್ಕೆಟ್: ಉಡುಪಿಯ ಕೈ, ಸ್ಟುಟ್‌ಗಾರ್ಟ್‌ನ ಅಳತೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿ ಮಳೆಗಾಲದ ರಜೆಗೆ ಉಡುಪಿಗೆ ಬರುವ ನನ್ನಂಥವರಿಗೆ ಎರಡೂ ಊರಿನ ಗ್ಯಾರೇಜುಗಳನ್ನು ಹೋಲಿಸುವ ಚಟವೊಂದು ಅಂಟಿಕೊಂಡಿರುತ್ತದೆ, ಮತ್ತು ಆ ಹೋಲಿಕೆ ಹೆಚ್ಚಿನ ಸಲ ನಮ್ಮೂರನ್ನು ಹಳಿಯುವುದರಲ್ಲೇ ಮುಗಿಯುತ್ತದೆ. ಭಾವನ ಹಳೆಯ ಸ್ಕೋಡಾ ಆಕ್ಟೇವಿಯಾದ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವೆ ಸೋರಿಕೆ ತಡೆಯುವ ಪದರ) ಶಿರಾಡಿ ಘಾಟಿಯಲ್ಲಿ ಹೋಗಿ, ಆ ಕಾರು ಉಡುಪಿಯಲ್ಲಿ ರಿಪೇರಿಯಾದ ಬಗೆಯನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಎಂಜಿನ್ನನ್ನು ಬಿಚ್ಚಿ ಉಳಿಸುವ ಕೈ ನಮ್ಮಲ್ಲಿದೆ, ಬಿಚ್ಚಿದ್ದನ್ನು ಅಳೆದು ಬರೆದಿಡುವ ರೂಢಿ ಇಲ್ಲ. ಟ್ಯೂನ್ ಮಾಡಿ ಶಕ್ತಿ ಹೆಚ್ಚಿಸಿದ ಡೀಸೆಲ್ ಕಾರುಗಳು ಅದೇ ದೂರಿನೊಂದಿಗೆ ಎರಡನೆಯ ಸಲ ಗ್ಯಾರೇಜಿಗೆ ಬರುವುದಕ್ಕೆ ಬಹುಪಾಲು ಈ ಕೊರತೆಯೇ ಕಾರಣ.

ಈ ಕಾರಿನದು 1.9 ಲೀಟರಿನ ಟಿಡಿಐ, ಅಂದರೆ ಟರ್ಬೊ ಡೀಸೆಲ್ ಎಂಜಿನ್. ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು, ನಡುವೆ ಉಕ್ಕಿನ ಪದರಗಳ ಗ್ಯಾಸ್ಕೆಟ್, ಮೂರನ್ನೂ ಬಿಗಿಹಿಡಿದಿರುವುದು ಹತ್ತು ಬೋಲ್ಟುಗಳು. ಕಂಪನಿಯಿಂದ ಬಂದಾಗ 90 ಎಚ್‌ಪಿ ಇದ್ದುದನ್ನು ಭಾವ ಇಸಿಯು ಮ್ಯಾಪ್ (ಎಂಜಿನ್ನನ್ನು ನಡೆಸುವ ಕಂಪ್ಯೂಟರಿನ ಲೆಕ್ಕಪಟ್ಟಿ) ಬದಲಿಸಿ ಹೆಚ್ಚಿಸಿಕೊಂಡಿದ್ದರು. ಮ್ಯಾಪ್ ಬದಲಾದಾಗ ಡೀಸೆಲ್ಲೂ ಟರ್ಬೊದ ಗಾಳಿಯೂ ಹೆಚ್ಚುತ್ತವೆ, ಸಿಲಿಂಡರಿನೊಳಗಿನ ಒತ್ತಡವೂ ಏರುತ್ತದೆ. ಆದರೆ ಹೆಡ್ಡನ್ನು ಒತ್ತಿಹಿಡಿದ ಬೋಲ್ಟುಗಳ ಬಲ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ. ಗುಂಡ್ಯದಿಂದ ಮೇಲೆ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಹತ್ತುವಾಗ ರೇಡಿಯೇಟರಿಗೆ ಗಾಳಿ ಕಡಿಮೆ, ಎಂಜಿನ್ನಿನ ಮೇಲೆ ಭಾರ ಪೂರ್ತಿ. ಬಿಸಿಯಾದ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹೆಡ್ ಕೂದಲೆಳೆಯಷ್ಟು ಬಾಗುತ್ತದೆ, ಅಲ್ಲಿಂದ ಸುಟ್ಟ ಗ್ಯಾಸು ನೀರಿನ ದಾರಿಗೆ ನುಗ್ಗುತ್ತದೆ. ನೂರಾರು ಕಿಲೋಮೀಟರ್ ಜರ್ಮನಿಯ ವೇಗದ ಹೆದ್ದಾರಿ ಆಟೋಬಾನಿನಲ್ಲಿ ಇದೇ ಮ್ಯಾಪ್ ತೊಂದರೆ ಕೊಡದೆ ಓಡಬಹುದು. ಅಲ್ಲಿ ವೇಗವೇ ರೇಡಿಯೇಟರನ್ನು ತಣಿಸುತ್ತಿರುತ್ತದೆ.

ಉಡುಪಿಯ ಮೆಕ್ಯಾನಿಕ್ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿಸಿ, ರೇಡಿಯೇಟರಿನ ಮೇಲಿನ ಹೋಸನ್ನು ಒತ್ತಿ ನೋಡಿದರು. ನೀರು ಬಿಸಿಯಾಗುವ ಮೊದಲೇ ಹೋಸು ಕಲ್ಲಿನಂತೆ ಗಟ್ಟಿಯಾಗಿತ್ತು, ನೀರಿನ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿತ್ತು. "ಗ್ಯಾಸ್ಕೆಟ್ ಹೋಗಿದೆ ಸರ್, ಹೆಡ್ ಇಳಿಸ್ಲೇಬೇಕು" ಎಂದರು. ಸ್ಟುಟ್‌ಗಾರ್ಟ್‌ನಲ್ಲಾಗಿದ್ದರೆ ಟ್ಯಾಂಕಿನ ಬಾಯಿಗೆ ನೀಲಿ ದ್ರವದ ನಳಿಕೆ ಇಟ್ಟು ಸುಟ್ಟ ಗ್ಯಾಸಿಗೆ ಅದರ ಬಣ್ಣ ಬದಲಾಗುವುದನ್ನು ನೋಡುತ್ತಿದ್ದರು. ಉತ್ತರ ಇದೇ ಆಗಿರುತ್ತಿತ್ತು. ಇದಕ್ಕೆ ಮೊದಲು ದಾರಿಯಲ್ಲಿ ಇನ್ನೊಬ್ಬರು ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ "ಇನ್ನು ಹೀಟ್ ಆಗುವುದಿಲ್ಲ" ಎಂದಿದ್ದರಂತೆ. ಲಾರಿಯವರು ರೇಡಿಯೇಟರಿನ ಸಣ್ಣ ಸೋರಿಕೆಗೆ ಅರಿಶಿನ ಪುಡಿ ಹಾಕುವುದಕ್ಕಾದರೂ ಒಂದು ಅರ್ಥವಿದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬಯಲಿನಲ್ಲಿ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಘಾಟಿಯಲ್ಲಿ ಮಾತ್ರ ಎಂದಿನಂತೆ ಕುದಿಯುತ್ತದೆ.

ಹೆಡ್ ಇಳಿದ ಮೇಲೆ ನಡೆದ ಕೆಲಸ ನೋಡಲು ಚೆನ್ನಾಗಿತ್ತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯ ಬೋಟುಗಳ ಎಂಜಿನ್ನುಗಳು ಬಿಚ್ಚಿಕೊಳ್ಳುವುದೂ ಆಗಲೇ. ಎಂಜಿನ್ನಿನ ಭಾಗಗಳನ್ನು ಕೊರೆದು ಉಜ್ಜಿ ಸರಿಪಡಿಸುವ ರೀಬೋರಿಂಗ್ ಅಂಗಡಿಯ ನೆಲದ ತುಂಬ ಬೋಟಿನ ಹೆಡ್ಡುಗಳು, ನಡುವೆ ಎರಡು ಬಸ್ಸಿನವು, ಒಂದು ಮೂಲೆಯಲ್ಲಿ ಭಾವನದು. ಅಲ್ಲಿನ ಹಿರಿಯರು ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅಡಿಯಲ್ಲಿ ಸಂದು ಅಳೆಯುವ ಫೀಲರ್ ಗೇಜಿನ 0.15 ಎಂಎಂ ಬ್ಲೇಡು ತೂರಿಸಿದರು. ಅದು ಸಲೀಸಾಗಿ ಒಳಗೆ ಹೋಯಿತು. ಈ ಎಂಜಿನ್ನಿಗೆ 0.1 ಎಂಎಂಗಿಂತ ಹೆಚ್ಚಿನ ಬಾಗು ಸಲ್ಲದು. ವಾಲ್ವುಗಳ ನಡುವೆ ಕೂದಲಿನಂಥ ಬಿರುಕುಗಳಿದ್ದವು, ಅವನ್ನು ಉಗುರಿನಿಂದ ಕೆರೆದು ನೋಡಿ "ಇದು ನಡೀತದೆ" ಎಂದರು. ಕಂಪನಿಯ ಪುಸ್ತಕವೂ ಅಲ್ಲಿ 0.5 ಎಂಎಂ ಅಗಲದವರೆಗಿನ ಬಿರುಕನ್ನು ಒಪ್ಪುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಕಾಣಲಿಲ್ಲ.

ಅದೇ ಪುಸ್ತಕ ಈ ಹೆಡ್ಡನ್ನು ಫೇಸಿಂಗ್ (ಅಡಿಯನ್ನು ಉಜ್ಜಿ ಸಮ ಮಾಡುವುದು) ಮಾಡಲೇಬಾರದು ಎನ್ನುತ್ತದೆ. ಡೀಸೆಲ್ ಹೆಡ್ಡಿನ ಅಡಿ ಸಪಾಟಾಗಿರುತ್ತದೆ, ಇಂಧನ ಉರಿಯುವ ಗುಳಿ ಇರುವುದು ಪಿಸ್ಟನ್ನಿನ ತಲೆಯಲ್ಲಿ. ಹೆಡ್ಡನ್ನು ಉಜ್ಜಿದಷ್ಟೂ ವಾಲ್ವುಗಳು ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಆದ್ದರಿಂದ ಜರ್ಮನಿಯಲ್ಲಿ ಬಾಗಿದ ಹೆಡ್ ಎಂದರೆ ಹೊಸ ಹೆಡ್, ಇಲ್ಲವೇ ಬದಲಿ ಎಂಜಿನ್. ಗಂಟೆಗೆ ನೂರು ಯೂರೋ ದಾಟುವ ಕೂಲಿಯಲ್ಲಿ ಇಷ್ಟು ಹಳೆಯ ಕಾರಿಗೆ ಆ ಲೆಕ್ಕ ಹೊಂದುವುದಿಲ್ಲ, ಹಾಗಾಗಿ ಇಡೀ ಕಾರನ್ನೇ ಕೈಬಿಡುತ್ತಾರೆ. ಉಡುಪಿಯ ಹಿರಿಯರು ಹೆಡ್ಡನ್ನು ಎಷ್ಟು ಬೇಕೋ ಅಷ್ಟೇ ಉಜ್ಜಿ, ವಾಲ್ವುಗಳು ಕೂರುವ ಸೀಟುಗಳನ್ನು ಅಷ್ಟೇ ಆಳಕ್ಕೆ ಮತ್ತೆ ಕಡಿದರು. ಪುಸ್ತಕ ಬೇಡವೆಂದದ್ದರ ಕಾರಣವನ್ನೇ ಅವರು ನಿವಾರಿಸಿದ್ದರು. ನನ್ನ ಪಾಲಿಗೆ ಇದು ಜುಗಾಡ್ ಅಲ್ಲ. ಮೂರೂವರೆ ವರ್ಷದ ಜರ್ಮನ್ ತರಬೇತಿ ಮುಗಿಸಿ ಬರುವ ಹುಡುಗರಿಗೆ ಇಂಥ ಕೆಲಸಕ್ಕೆ ಕೈಹಾಕುವ ಸಂದರ್ಭವೇ ಒದಗುವುದು ಅಪರೂಪ.

ನನ್ನ ತಕರಾರು ಶುರುವಾಗುವುದು ಮರಳಿ ಕೂರಿಸುವಾಗ. ಈ ಎಂಜಿನ್ನಿಗೆ ಮೂರು ದಪ್ಪದ ಗ್ಯಾಸ್ಕೆಟ್ಟುಗಳಿವೆ, ಅಂಚಿನಲ್ಲಿರುವ ತೂತುಗಳಿಂದ ಅವನ್ನು ಗುರುತಿಸುತ್ತಾರೆ. ಪಿಸ್ಟನ್ ಬ್ಲಾಕಿನಿಂದ ಮೇಲಕ್ಕೆ ಎಷ್ಟು ಚಾಚುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು, 0.91ರಿಂದ 1.00 ಎಂಎಂ ಇದ್ದರೆ ಒಂದು ತೂತಿನದು, 1.01ರಿಂದ 1.10 ಇದ್ದರೆ ಎರಡರದು, 1.11ರಿಂದ 1.20 ಇದ್ದರೆ ಮೂರರದು ಹಾಕಬೇಕು. ಮಂಗಳೂರಿನ ಬಿಡಿಭಾಗದ ಅಂಗಡಿಯಿಂದ ಬಂದದ್ದು ಮೂರು ತೂತಿನದು. "ದಪ್ಪದ್ದೇ ಸೇಫ್ ಸರ್, ಪಿಸ್ಟನ್ ತಾಗುವುದಿಲ್ಲ" ಎಂಬ ಮೆಕ್ಯಾನಿಕ್ಕಿನ ಮಾತು ದಡ್ಡತನದ್ದಲ್ಲ, ಆದರೆ ಸೀಟು ಕಡಿದಾದ ಮೇಲೆ ಆ ಜಾಗ್ರತೆಗೆ ಕಾರಣವಿರಲಿಲ್ಲ. ಗುಜರಿ ರಾಶಿಯಿಂದ ಹಳೆಯ ಗ್ಯಾಸ್ಕೆಟ್ಟನ್ನು ಎಳೆದು ಡೀಸೆಲ್ಲಿನಲ್ಲಿ ತೊಳೆದಾಗ ಎರಡು ತೂತು ಕಂಡವು. ರೀಬೋರಿಂಗ್ ಅಂಗಡಿಯಿಂದ ಗೇಜು ತಂದು ಅಳೆದರೆ ಅತಿ ಎತ್ತರದ ಪಿಸ್ಟನ್ 1.06 ಎಂಎಂ. ಸರಿಯಾದದ್ದು ಬೆಂಗಳೂರಿನಿಂದ ಬರುವವರೆಗೆ ಕಾಯಬೇಕಾಯಿತು, ಭಾವ ಸ್ವಲ್ಪ ಮುನಿಸಿಕೊಂಡರು.

ದಪ್ಪದ ಗ್ಯಾಸ್ಕೆಟ್ ಹಾಕಿದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಪ್ರಮಾಣ, ತುಸು ಇಳಿಯುತ್ತದೆ. ಉಡುಪಿಯ ಸೆಕೆಯಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ, ಕಾರು ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತದೆ. ಸ್ಟುಟ್‌ಗಾರ್ಟ್‌ನ ಜನವರಿಯ ಬೆಳಗಿನಲ್ಲಾದರೆ ಅದೇ ಕಾರು ಬಿಳಿ ಹೊಗೆ ಉಗುಳಿ ಒದ್ದಾಡೀತು. ಜರ್ಮನ್ನರ ಅಳತೆಯ ಶಿಸ್ತನ್ನು ಕೇವಲ ಗುಣವೆಂದು ಹೊಗಳುವವರು ಅಲ್ಲಿನ ಚಳಿಯ ಪಾಲನ್ನು ಮರೆಯುತ್ತಾರೆ. ನಮ್ಮ ಹವೆ ಸಣ್ಣ ತಪ್ಪುಗಳನ್ನು ಮುಚ್ಚಿಹಾಕುತ್ತದೆ, ಆದ್ದರಿಂದ ಅಳೆಯದಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಬೆಳೆದಿದೆ.

ಬೋಲ್ಟಿನ ವಿಷಯದಲ್ಲಿ ಹವೆಯ ರಿಯಾಯಿತಿ ಇಲ್ಲ. ಇವು ಬಿಗಿಯುವಾಗ ಹಿಗ್ಗುವ ಬೋಲ್ಟುಗಳು, ಒಮ್ಮೆ ಬಿಚ್ಚಿದರೆ ಹೊಸವೇ ಆಗಬೇಕು. ಮೊದಲು 40 ಎನ್‌ಎಂ (ಬಿಗಿಯುವ ಬಲದ ಅಳತೆ), ಆಮೇಲೆ 60, ಆಮೇಲೆ 90 ಡಿಗ್ರಿ ತಿರುವು, ಮತ್ತೆ 90 ಡಿಗ್ರಿ, ಅದೂ ನಡುವಿನಿಂದ ಹೊರಗೆ. ಹಳೆಯದನ್ನೇ ತೊಳೆದು ಹಾಕಿ ಪೈಪು ತೂರಿಸಿ ಜಗ್ಗಿ ಬಿಗಿಯುವುದನ್ನು ನಾನು ಕರಾವಳಿಯಲ್ಲಿ ಕಂಡಿದ್ದೇನೆ. ಟ್ಯೂನ್ ಮಾಡಿದ ಎಂಜಿನ್ನಿಗೆ ಅದು ಮುಂದಿನ ಘಾಟಿಯವರೆಗಿನ ರಿಪೇರಿ.

ಇನ್ನು ಮ್ಯಾಪ್. ಜರ್ಮನಿಯಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸಿದರೆ ಪರಿಶೀಲನೆ ಮಾಡಿಸಿ ವಾಹನದ ಕಾಗದದಲ್ಲಿ ನಮೂದಿಸಬೇಕು, ಇಲ್ಲವಾದರೆ ರಸ್ತೆಗಿಳಿಯುವ ಅನುಮತಿಯೇ ರದ್ದಾಗುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮೂ ತಯಾರಕರು ಕೊಟ್ಟ ವಿವರದಿಂದ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ, ಆದರೆ ಹೊಗೆ ತಪಾಸಣೆಯವರು ಇಸಿಯು ತೆರೆದು ನೋಡುವುದಿಲ್ಲ. ಹೀಗಾಗಿ ಗ್ಯಾರೇಜಿನವರು ಗ್ಯಾಸ್ಕೆಟ್ ಬದಲಿಸುತ್ತಾರೆ, ಅದನ್ನು ಕೆಡಿಸಿದ ಮ್ಯಾಪಿನ ಸುದ್ದಿಗೆ ಹೋಗುವುದಿಲ್ಲ. ರೇಡಿಯೇಟರಿನಲ್ಲಿ ಕೂಲೆಂಟ್ ಇತ್ತೇ ಬರೀ ಬಾವಿಯ ನೀರಿತ್ತೇ, ವಾಟರ್ ಪಂಪು ಹೇಗಿತ್ತು, ಹೆಡ್ ಎಷ್ಟು ಬಾಗಿತ್ತು, ಎಷ್ಟು ಉಜ್ಜಿದರು, ಎಷ್ಟು ತೂತಿನ ಗ್ಯಾಸ್ಕೆಟ್ ಹಾಕಿದರು, ಯಾವ ಮ್ಯಾಪ್ ಇತ್ತು ಎಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟರೆ ಸಾಕು. ಮುಂದೆ ಬಿಚ್ಚುವವರಿಗೆ ಅರ್ಧ ಕೆಲಸ ಉಳಿಯುತ್ತದೆ. ಕೇಳಿದಾಗ ಉಡುಪಿಯ ಮೆಕ್ಯಾನಿಕ್ ಬೇಸರಿಸದೆ ಬರೆದುಕೊಟ್ಟರು. ಈವರೆಗೆ ಯಾರೂ ಕೇಳಿರಲಿಲ್ಲವಂತೆ.

ಭಾವನಿಗೆ ಕಂಪನಿಯ ಮ್ಯಾಪ್ ಸಪ್ಪೆಯೆನಿಸುತ್ತದೆ. ಹೆಚ್ಚಿನ ಶಕ್ತಿ ಬೇಕೇ ಬೇಕಿದ್ದರೆ ಎಂಜಿನ್ ನಿಧಾನವಾಗಿ, 2000 ಆರ್‌ಪಿಎಂ ಕೆಳಗೆ ತಿರುಗುವಾಗಿನ ಟಾರ್ಕನ್ನು (ತಿರುಗಿಸುವ ಬಲವನ್ನು) ತಗ್ಗಿಸಿ ಮೇಲಿನದನ್ನು ಮಾತ್ರ ಇಟ್ಟುಕೊಳ್ಳಿ, ಅದನ್ನೂ ರೇಡಿಯೇಟರ್ ಬಿಚ್ಚಿ ಒಳಗಿನಿಂದ ತೊಳೆಸಿದ ಮೇಲೆ ಎಂದು ಹೇಳಿದ್ದೇನೆ. ರೇಡಿಯೇಟರಿಗೆ ಒಪ್ಪಿದ್ದಾರೆ, ಟಾರ್ಕಿನ ಚರ್ಚೆ ವಾಟ್ಸಾಪಿನಲ್ಲಿ ಇನ್ನೂ ನಡೆದಿದೆ.