ಎರಡು ಕಳಾವರ್

ಹದಿನೈದು ದಿನ ಹಡಗಿನಲ್ಲಿದ್ದು ಬಂದ ಮೇಲೆ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಊಟ ಹೇಗಿತ್ತು? ವಾಂತಿ ಆಯ್ತಾ? ಬ್ರಿಜ್ ಕಲಿತು ಬಂದೆವು ಅಂದರೆ ನಮ್ಮ ಅತ್ತಿಗೆ, "ಅಷ್ಟು ದುಡ್ಡು ಸುರಿದು ಹೋಗಿ ಇಸ್ಪೀಟು ಆಡಿದ್ರಾ?" ಅಂದರು. ಹೌದು, ಆಡಿದೆವು. ಇನ್ನೊಂದು ಸಲ ಹೋದರೂ ಅದನ್ನೇ ಆಡುತ್ತೇವೆ.

ಮಗ ಸ್ಯಾನ್ ಡಿಯಾಗೋದಲ್ಲಿದ್ದಾನೆ. ಅಲ್ಲಿಂದ ಪನಾಮಾ ಕಾಲುವೆ ದಾಟಿ ಫ್ಲೋರಿಡಾಗೆ ಹೋಗುವ ಹಡಗಿಗೆ ನಮ್ಮಿಬ್ಬರನ್ನೂ ಹತ್ತಿಸಿದ. ಆ ದಾರಿಯಲ್ಲಿ ಎಷ್ಟೋ ದಿನ ನೀರು ಬಿಟ್ಟು ಬೇರೇನೂ ಕಾಣಲ್ಲ. ಎರಡನೇ ದಿನಕ್ಕೇ ನಮ್ಮನೆಯವರು ಸುಮ್ನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಲು ಶುರು ಮಾಡಿದ್ದರು. ಬೆಳಗ್ಗೆ ಹತ್ತಕ್ಕೆ ಬ್ರಿಜ್ ಪಾಠ, ಮಧ್ಯಾಹ್ನ ಆಟ ಅಂತ ಚೀಟಿಯಲ್ಲಿತ್ತು. ಎಳೆದುಕೊಂಡು ಹೋದೆ.

ನಾನು ಸಾಗರದವಳು. ಮದುವೆ ಮನೆಯಲ್ಲಿ ಊಟ ಮುಗಿಸಿ ಚಾಪೆ ಹಾಸಿ ಇಪ್ಪತ್ತೆಂಟು ಅನ್ನೋ ಇಸ್ಪೀಟಾಟ ಆಡಿಯೇ ಬೆಳೆದವಳು. ಎದುರಿಗೆ ಕೂತವರು ಜೊತೆಗಾರರು, ಕೂಗು ಇದೆ, ತುರುಪು ಇದೆ, ಇದೇನು ಮಹಾ ಅಂತ ಹೋದೆ. ಮೊದಲ ದಿನವೇ ಮರ್ಯಾದೆ ಹೋಯಿತು. ನಮ್ಮ ಆಟದಲ್ಲಿ ಗುಲಾಮನೇ ದೊಡ್ಡವನು ಅಲ್ವಾ? ಗುಲಾಮನನ್ನು ಹಾಕಿ, ಗೆದ್ದೆ ಅಂತ ಎಲೆ ಬಾಚಿಕೊಳ್ಳಲು ಕೈ ಚಾಚಿದೆ. ಪಕ್ಕದ ಅಜ್ಜಿ ಸದ್ದಿಲ್ಲದೆ ತಮ್ಮ ರಾಣಿಯ ಮೇಲೆ ಬೆರಳಿಟ್ಟು ತೋರಿಸಿದರು. ಬ್ರಿಜ್‌ನಲ್ಲಿ ಎಕ್ಕಕ್ಕೆ 4 ಪಾಯಿಂಟು, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ ಬರೀ 1. ನಮ್ಮ ಒಂಬತ್ತಕ್ಕಂತೂ ಸೊನ್ನೆ.

52 ಎಲೆ, ನಾಲ್ಕು ಜನ, ತಲೆಗೆ 13. ಎಷ್ಟು ಸುತ್ತು ಗೆಲ್ಲುತ್ತೇವೆ ಅಂತ ಮೊದಲೇ ಕೂಗಿ ಒಪ್ಪಿಕೊಳ್ಳಬೇಕು, ಆಮೇಲೆ ಗೆದ್ದು ತೋರಿಸಬೇಕು. ಆದರೆ ಕೂಗಲು ಇರುವುದು ಹದಿನೈದೇ ಪದ. ಒಂದರಿಂದ ಏಳರವರೆಗಿನ ಸಂಖ್ಯೆ, ನಾಲ್ಕು ಜಾತಿ, ನೋ ಟ್ರಂಪ್ (ತುರುಪೇ ಇಲ್ಲದ ಆಟ), ಪಾಸ್, ಡಬಲ್, ರೀಡಬಲ್. ಅಷ್ಟರಲ್ಲೇ ನಿಮ್ಮ ಕೈಯಲ್ಲೇನಿದೆ ಅಂತ ಎದುರಿನವರಿಗೆ ತಿಳಿಸಬೇಕು. ಹಡಗಿನಲ್ಲಿ ಅದನ್ನೂ ಬಾಯಲ್ಲಿ ಹೇಳುತ್ತಿರಲಿಲ್ಲ, ಡಬ್ಬಿಯಿಂದ ಚೀಟಿ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆವು. ಇಪ್ಪತ್ತೆಂಟರಲ್ಲಿ ನಮ್ಮ ದೊಡ್ಡಪ್ಪ ಕೆಮ್ಮಿದರೆ ಒಂದು ಅರ್ಥ, ಮೂಗು ಉಜ್ಜಿದರೆ ಇನ್ನೊಂದು. ಇಲ್ಲಿ ಹುಬ್ಬು ಹಾರಿಸಿದರೂ ತಪ್ಪು.

ನಾಲ್ಕನೇ ದಿನದ ಕಥೆ ಹೇಳಲೇಬೇಕು. ಜೊತೆಗಾರ ಒಂದು ನೋ ಟ್ರಂಪ್ ಅಂದಾಗ ನೀವು ಎರಡು ಕಳಾವರ್ ಅಂದರೆ, ನಿಮಗೆ ಕಳಾವರ್ ಬೇಕು ಅಂತಲ್ಲ. "ನಿಮ್ಮ ಹತ್ತಿರ ನಾಲ್ಕು ಆಟಿನ್ ಅಥವಾ ನಾಲ್ಕು ಇಸ್ಪೀಟ್ ಇದೆಯಾ?" ಅಂತ ಪ್ರಶ್ನೆ. ಇದಕ್ಕೆ ಸ್ಟೇಮನ್ ಅಂತಾರೆ. ಬೆಳಗ್ಗೆ ಮುಕ್ಕಾಲು ಗಂಟೆ ಇದೇ ಪಾಠ ಆಗಿತ್ತು. ಮಧ್ಯಾಹ್ನ ನಮ್ಮನೆಯವರು ಗತ್ತಿನಿಂದ ಒಂದು ನೋ ಟ್ರಂಪ್ ಇಟ್ಟರು. ನನ್ನ ಕೈಯಲ್ಲಿ 11 ಪಾಯಿಂಟು, ನಾಲ್ಕು ಆಟಿನ್. ಕಳಾವರ್ ಎರಡೇ. ಕುಣಿದುಕೊಂಡು ಎರಡು ಕಳಾವರ್ ಇಟ್ಟೆ. ಅವರು ಎಲೆ ನೋಡಿದರು, ನನ್ನ ಮುಖ ನೋಡಿದರು, ಪಾಸ್ ಇಟ್ಟರು.

ಮುಗೀತು. ಕಳಾವರೇ ತುರುಪು, ಆಟ ನನ್ನದು, ಅವರು ಡಮ್ಮಿ, ಅಂದರೆ ಸುಮ್ಮನೆ ಕೂರುವವರು. ಡಮ್ಮಿಯ ಎಲೆಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಹರಡಬೇಕು. ಹರಡಿದರು. ಆಟಿನ್ ನಾಲ್ಕು, ಕಳಾವರ್ ಮೂರು. ನಮ್ಮಿಬ್ಬರದೂ ಸೇರಿ ತುರುಪು ಐದು, ಎದುರಾಳಿಗಳ ಹತ್ತಿರ ಎಂಟು! ಎರಡು ಅಂತ ಕೂಗಿದರೆ ಆರರ ಮೇಲೆ ಎರಡು, ಅಂದರೆ ಎಂಟು ಸುತ್ತು ಗೆಲ್ಲಬೇಕಿತ್ತು, ಐದಕ್ಕೇ ಉಸಿರು ನಿಂತಿತು. "ನೀನೇ ಕಳಾವರ್ ಅಂದ್ಯಲ್ಲೇ" ಅಂದರು. ಮೂವತ್ತು ವರ್ಷದಿಂದ "ಮನೇಲಿ ತರಕಾರಿ ಇಲ್ಲ" ಅಂದರೆ "ಹೌದಾ" ಅಂತ ಪೇಪರ್ ತಿರುವಿ ಹಾಕುವ ಮನುಷ್ಯ. ಅವರಿಗೆ ಸ್ಟೇಮನ್ ಎಲ್ಲಿ ತಲೆಗೆ ಹೋಗಬೇಕು?

ಎಲೆ ಕೆಟ್ಟದಿತ್ತು ಅಂತ ಹೇಳುವ ಹಾಗೂ ಇಲ್ಲ. ಡೂಪ್ಲಿಕೇಟ್ ಪದ್ಧತಿಯಲ್ಲಿ ಅವೇ ಎಲೆಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತವೆ. ನಾವು ಮಣ್ಣು ಮುಕ್ಕಿದ ಕೈಯಲ್ಲೇ ಬೇರೆ ಮೇಜಿನವರು ನಾಲ್ಕು ಆಟಿನ್ ಕೂಗಿ ಗೆದ್ದಿದ್ದರು. ಜೂಜು ಜೂಜು ಅನ್ನುವವರು ಇದನ್ನೊಮ್ಮೆ ನೋಡಬೇಕು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ನಮ್ಮ ದೇಶಕ್ಕೆ ಚಿನ್ನ ತಂದದ್ದು ಈ ಆಟದಲ್ಲೇ. ಬರ್ಧನ್ ಅವರಿಗೆ ಆಗ 60 ವರ್ಷ. ನಮ್ಮನೆಯವರಿಗೆ ಇದನ್ನು ಹೇಳಿದ್ದೇ ತಪ್ಪಾಯಿತು, ನಿದ್ದೆ ಕಡಿಮೆ ಮಾಡಿ ಪಾಠ ಕೇಳತೊಡಗಿದರು.

ಒಂದು ದೂರು ಮಾತ್ರ ಇದೆ. ಹೊಸಬರಿಗೆ ನಾಲ್ಕನೇ ದಿನಕ್ಕೇ ಇಂಥ ಗುಟ್ಟಿನ ಭಾಷೆ ಕಲಿಸಬಾರದು. ಎಲೆ ಎಣಿಸೋದು, ಹೋದ ತುರುಪು ಎಷ್ಟು ಅಂತ ನೆನಪಿಡೋದು ಮೊದಲು ಬರಲಿ. ಹಡಗು ದಡ ಮುಟ್ಟುವುದರೊಳಗೆ ಎಲ್ಲ ತುರುಕಿಬಿಡಬೇಕು ಅಂತ ಅವಸರ ಪಾಠ ಹೇಳುವವರಿಗೆ.

ಇನ್ನು ಈ ಆಟ ಈಗಿನ ರೂಪಕ್ಕೆ ಬಂದದ್ದೂ ಹಡಗಿನಲ್ಲೇ, ಅದೂ ಇದೇ ದಾರಿಯಲ್ಲಿ. 1925ರ ಅಕ್ಟೋಬರ್ 31ರಂದು ಫಿನ್‌ಲ್ಯಾಂಡ್ ಎಂಬ ಹಡಗು ಕಾಲುವೆಯ ಬಾಯಿಯಲ್ಲಿರುವ ಬಾಲ್ಬೋವಾ ತಲುಪಿತು. ಹೊತ್ತಾಗಿತ್ತು, ಯಾರೂ ಇಳಿಯುವಂತಿರಲಿಲ್ಲ. ಅದರಲ್ಲಿದ್ದ ಹೆರಾಲ್ಡ್ ವಾಂಡರ್‌ಬಿಲ್ಟ್ ಎಂಬ ಸಿರಿವಂತ ಹಳೇ ಆಟದ ಅಂಕಗಳ ಲೆಕ್ಕವನ್ನೇ ಬದಲಿಸಿ, ಮರುದಿನ ರಾತ್ರಿ ಸ್ನೇಹಿತರ ಜೊತೆ ಹೊಸ ಲೆಕ್ಕದಲ್ಲಿ ಆಡಿದರು. ಗೇಮ್ ಗೆದ್ದವರು ಮುಂದೆ ಸೋತರೆ ದಂಡ ಜಾಸ್ತಿ. ಆ ಸ್ಥಿತಿಗೆ ವಲ್ನರಬಲ್ ಅಂತ ಹೆಸರು ಕೊಟ್ಟದ್ದು ಅದೇ ಹಡಗಿನಲ್ಲಿದ್ದ ಒಬ್ಬ ಹುಡುಗಿ. ಪದ ಉಳಿಯಿತು. ಹುಡುಗಿಯ ಹೆಸರು ಯಾರಿಗೂ ನೆನಪಿಲ್ಲ! ನನಗಂತೂ ಇದು ಈಗಲೂ ಚುಚ್ಚುತ್ತದೆ.

ನಮ್ಮ ಹಡಗು ಕಾಲುವೆಯ ಮಿರಾಫ್ಲೋರೆಸ್ ಲಾಕಿನೊಳಗೆ, ಅಂದರೆ ನೀರು ತುಂಬಿಸಿ ಹಡಗನ್ನು ಮೇಲೆತ್ತುವ ತೊಟ್ಟಿಯೊಳಗೆ ಹೋದಾಗ ಜನವೆಲ್ಲ ಮೇಲಿನ ಡೆಕ್ಕಿನಲ್ಲಿ. ಇಸ್ಪೀಟಿನ ಕೋಣೆಯಲ್ಲಿ ನಾವು ಎಂಟು ಜನ. ಕಿಟಕಿಯಾಚೆ ಕೈಗೆ ಸಿಗುವಷ್ಟು ಹತ್ತಿರ ಒದ್ದೆ ಕಾಂಕ್ರೀಟ್ ಗೋಡೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಇಳಿಯುತ್ತಿದ್ದದ್ದು ಗೋಡೆಯಲ್ಲ, ಏರುತ್ತಿದ್ದದ್ದು ನಾವು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟರಲ್ಲಿ ನಮ್ಮನೆಯವರು ಒಂದು ನೋ ಟ್ರಂಪ್ ಇಟ್ಟರು. ನಾನು ಎರಡು ಕಳಾವರ್ ಇಟ್ಟೆ. ಅವರ ಕೈ ಪಾಸ್ ಚೀಟಿಯ ಕಡೆ ಹೋಯಿತು, ನಿಂತಿತು, ವಾಪಸ್ ಬಂತು. ಎರಡು ಇಸ್ಪೀಟ್ ಇಟ್ಟರು.

ಈಗ ಮೈಸೂರಿಗೆ ಬಂದಿದ್ದೇವೆ. ಇಬ್ಬರಿದ್ದೇವೆ, ಇನ್ನಿಬ್ಬರು ಬೇಕು. ಅತ್ತಿಗೆಯನ್ನು ಭಾನುವಾರ ಊಟಕ್ಕೆ ಕರೆದಿದ್ದೇನೆ, ಅವರಿಗೆ ಇಪ್ಪತ್ತೆಂಟು ಚೆನ್ನಾಗಿ ಬರುತ್ತೆ. ಗುಲಾಮನ ವಿಷಯ ಮಾತ್ರ ಇನ್ನೂ ಹೇಳಿಲ್ಲ.