ಬಿಳಿಗಿರಿರಂಗನ ಬೆಟ್ಟಕ್ಕೆ ತರಗು ಬೆಂಕಿ ಮರಳಬೇಕೇ?

ಪರ

ಬಿಳಿಗಿರಿರಂಗನ ಬೆಟ್ಟದ ಎಲೆ ಉದುರುವ ಕಾಡನ್ನು ಮನುಷ್ಯರ ಕೈ ಸೋಕದ ಕಾಡೆಂದು ಬಗೆದದ್ದೇ ಮೊದಲ ತಪ್ಪು. ಪೋಡುಗಳೆಂಬ ಕಾಡಿನ ಹಾಡಿಗಳಲ್ಲಿ ನೆಲೆಸಿ, ಜಾಗ ಬದಲಿಸುತ್ತ ರಾಗಿ ಬೆಳೆದು, ಜೇನು ಮತ್ತು ನೆಲ್ಲಿಕಾಯಿ ಸಂಗ್ರಹಿಸುತ್ತಿದ್ದ ಸೋಲಿಗರು, ಬೇಸಿಗೆ ಕಾಲಿಡುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಉಳಿದಿರುವಾಗಲೇ, ಉದುರಿದ ತರಗಿಗೆ ಬೆಂಕಿ ಹಾಕುತ್ತಿದ್ದರು. ನೆಲಕ್ಕಂಟಿಕೊಂಡೇ ಸಾಗುತ್ತಿದ್ದ ಆ ಬೆಂಕಿ ದಪ್ಪ ತೊಗಟೆಯ ಮರಗಳನ್ನು ಉಳಿಸಿ, ಪೊದೆಗಳ ಎಳೆಯ ಸಸಿಗಳನ್ನು ಸುಟ್ಟು, ಕಾಟಿ-ಕಡವೆಗಳು ಮೇಯುವ ಹುಲ್ಲಿಗೆ ಜಾಗ ಕೊಡುತ್ತಿತ್ತು. 1974ರಲ್ಲಿ ಇಲ್ಲಿ ವನ್ಯಜೀವಿಧಾಮ ಘೋಷಣೆಯಾದ ಬಳಿಕ ಬೇಸಾಯವೂ ಬೆಂಕಿಯೂ ನಿಷಿದ್ಧವಾದವು. ಬ್ರಿಟಿಷರ ಕಾಲದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಈಗ ಈ ಕಾಡಿನ ತಳವನ್ನು ಬಹುಮಟ್ಟಿಗೆ ಆವರಿಸಿದೆ. ನೆಲ್ಲಿಮರಗಳನ್ನು ಒಣಗಿಸುವ ಬದನಿಕೆ ಎಂಬ ಪರಾವಲಂಬಿ ಗಿಡವೂ ಬೆಂಕಿ ನಿಂತ ಮೇಲೆಯೇ ಹೆಚ್ಚಿತು ಎನ್ನುತ್ತಾರೆ ಸೋಲಿಗರು. ಬೆಂಕಿಯನ್ನು ತಡೆದದ್ದೂ ಮನುಷ್ಯರು ಕಾಡಿನ ಮೇಲೆ ಮಾಡಿದ ಕೆಲಸವೇ. ಅದರ ಫಲಕ್ಕೆ ಹೊಣೆ ಹೊರದೆ ಇದನ್ನು ಸಂರಕ್ಷಣೆ ಎನ್ನುವುದು ನ್ಯಾಯವಲ್ಲ. 2011ರಲ್ಲಿ, ಹುಲಿ ಮೀಸಲು ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರಿಗೆ ಸಮುದಾಯ ಹಕ್ಕುಗಳೂ ದೊರೆತಿವೆ. ಹಕ್ಕು ಕೊಟ್ಟು, ಆ ಹಕ್ಕಿನ ಹಿಂದಿರುವ ತಿಳಿವಳಿಕೆಯನ್ನು ಮಾತ್ರ ದೂರವಿಡುವುದು ಸರಿಯೇ?

ವಿರೋಧ

ಸೋಲಿಗರ ತಿಳಿವಳಿಕೆಯನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಅದು ರೂಪುಗೊಂಡ ಕಾಡು ಇಂದು ಉಳಿದಿಲ್ಲ. ಅಂದು ಬೆಂಕಿಗೆ ಸಿಗುತ್ತಿದ್ದುದು ತೆಳುವಾದ ತರಗು ಮತ್ತು ಹುಲ್ಲು. ಇಂದು ಆಳೆತ್ತರ ಮೀರಿದ ಲಂಟಾನದ ಒಣಕಡ್ಡಿಗಳು ಅದೇ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದಾಗ, ಒಣಗಿದ ಲಂಟಾನ ಉರಿಗೆ ಎಷ್ಟು ಇಂಬು ಕೊಡುತ್ತದೆ ಎಂಬುದನ್ನು ನಾಡೇ ಕಂಡಿತು. ಮೇಲಾಗಿ, ಬೆಳೆದು ನಿಂತ ಲಂಟಾನ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಸಾಯುವುದು ಅದರ ನೆರಳಲ್ಲಿ ಹೇಗೋ ಬದುಕುಳಿದಿದ್ದ ಕಾಡುಮರದ ಸಸಿ. ಬೆಟ್ಟದ ಮೇಲ್ಭಾಗದ ಶೋಲಾ ಎಂಬ ನಿತ್ಯಹಸಿರು ಕಾಡಿಗಂತೂ ಬೆಂಕಿ ತಾಗಲೇಬಾರದು. ಲಂಟಾನ ಹಬ್ಬಿದ್ದಕ್ಕೆ ಬೆಂಕಿ ನಿಂತದ್ದೊಂದೇ ಕಾರಣ ಎನ್ನಲಾಗದು, ಏಕೆಂದರೆ ಹಣ್ಣು ತಿಂದು ಬೀಜ ಹರಡುವ ಹಕ್ಕಿಗಳು ಮತ್ತು ಮರ ಕಡಿದು ತೆರವಾದ ಜಾಗಗಳು ಅದಕ್ಕೆ ದಾರಿ ಮಾಡಿಕೊಟ್ಟಿವೆ. ಆದ್ದರಿಂದ ಮೊದಲು ಆಗಬೇಕಾದ್ದು ಲಂಟಾನವನ್ನು ಬೇರಿನ ಬುಡ ಕತ್ತರಿಸಿ ಕಿತ್ತು ತೆಗೆಯುವ ಕೆಲಸ, ಮತ್ತೆ ಮೊಳೆಯುವ ಸಸಿಗಳನ್ನು ವರ್ಷ ವರ್ಷವೂ ಕೀಳುವ ಕೆಲಸ. ಇದಕ್ಕೆ ಸೋಲಿಗರಿಗೇ ಕೂಲಿ ಸಿಗಬೇಕು. ಅಂಥ ನೆಲದಲ್ಲಿ ಹುಲ್ಲು ಮರಳಿದ ಮೇಲಷ್ಟೇ ತರಗು ಬೆಂಕಿಯ ಮಾತೆತ್ತಬಹುದು. ಆಗ ಅದನ್ನು ಎಲ್ಲಿ, ಯಾವ ವಾರ ಹಾಕಬೇಕೆಂದು ನಿರ್ಧರಿಸಬೇಕಾದವರು ಪೋಡಿನ ಹಿರಿಯರು.